ಹಲ್ಲಿನಿಂದ ಕೇಳಿದ ಪಂಪು

ಸ್ಕ್ರೂಡ್ರೈವರಿನ ಮರದ ಹಿಡಿಯನ್ನು ದವಡೆಹಲ್ಲುಗಳ ನಡುವೆ ಕಚ್ಚಿ ಹಿಡಿದು ಮಹದೇವಯ್ಯ ಕಣ್ಣು ಮುಚ್ಚಿದ. ಒಂದೂವರೆ ಅಡಿ ಉದ್ದದ ಆ ಸ್ಕ್ರೂಡ್ರೈವರಿನ ತುದಿ ಮೀನಿನ ತೊಟ್ಟಿಯ ಮೂಲೆಯಲ್ಲಿ ಅರ್ಧ ಮುಳುಗಿ ಕೂತಿದ್ದ ಪಂಪಿನ ಪ್ಲಾಸ್ಟಿಕ್ ತಲೆಯ ಮೇಲಿತ್ತು. ಒಂದು ಗೋಲ್ಡ್ ಫಿಶ್ ಬಂದು ಅದಕ್ಕೆ ಮೂತಿ ತಾಗಿಸಿ, ತಿನ್ನುವ ಪದಾರ್ಥವಲ್ಲವೆಂದು ತಿಳಿದು ವಾಪಸು ಹೋಯಿತು.

“ತಾತ, ಜೊಲ್ಲು ನೀರಿಗೆ ಬೀಳ್ತಿದೆ,” ಅಂದಳು ಮೊಮ್ಮಗಳು ಸಂಘಮಿತ್ರಾ.

ಅವನು ಕದಲಲಿಲ್ಲ. ಅವಳು ಭುಜ ತಟ್ಟಿದಳು. ಅವನು ಹಿಡಿಯನ್ನು ಬಾಯಿಂದ ತೆಗೆದು, “ಏನು?” ಅಂದ.

“ಜೊಲ್ಲು.”

“ಜೊಲ್ಲಿನ ಕತೆ ಆಮ್ಯಾಕೆ. ಸದ್ದು ಅದೋ ಇಲ್ವೋ, ಅದ ಯೋಳು ಮೊದ್ಲು.”

“ಇದೆ. ಕಿರ್ರ್ ಅಂತಿದೆ. ಮಧ್ಯ ಮಧ್ಯ ಗಡಗಡ ಅಂತದೆ.”

“ಕಿರ್ರ್ ಅನ್ನದು ಜಾಸ್ತಿಯೋ, ಗಡಗಡ ಅನ್ನದೋ?”

“ನಿಂಗೆ ಕೇಳ್ಸಲ್ವಾ?”

“ನಂಗೆ ಕೇಳ್ತದೆ. ನೀನು ಸರ್ಯಾಗಿ ಕೇಳ್ತಿದ್ದೀಯೋ ಇಲ್ವೋ ಅಂತ ನೋಡ್ತಿದೀನಿ.”

ಅವನಿಗೆ ಏನೂ ಕೇಳಿಸುತ್ತಿರಲಿಲ್ಲ. ಹಲ್ಲಿಗೆ ಮಾತ್ರ ಸಣ್ಣಗೆ ಜುಮುಗುಟ್ಟುತ್ತಿತ್ತು. ಮೂವತ್ತೊಂದು ವರ್ಷ ಅವನು ಕಪಿಲೆಯ ದಡದ ಪಂಪ್‌ಹೌಸಿನಲ್ಲಿ ನಂಜನಗೂಡಿಗೆ ನೀರೆತ್ತುವ ಮೂರು ಮೋಟಾರುಗಳ ಮಗ್ಗುಲಲ್ಲಿ ಕೂತಿದ್ದವನು. ಬೇರಿಂಗು ಕೆಡುವ ಹದಿನೈದು ದಿನ ಮೊದಲೇ ಸದ್ದು ಕೇಳಿ ಹೇಳುತ್ತಿದ್ದ. ಇಂಜಿನಿಯರುಗಳು ನಗುತ್ತಿದ್ದರು, ಹದಿನಾರನೆಯ ದಿನ ನಗು ನಿಲ್ಲಿಸುತ್ತಿದ್ದರು. ಊರಿನಲ್ಲಿ ಅವನಿಗೆ ‘ಕಿವಿ ಮಾದೇವಯ್ಯ’ ಎಂಬ ಹೆಸರು ಬಿದ್ದದ್ದು ಹಾಗೆ. ಆ ಮೂರು ಮೋಟಾರುಗಳೇ ಸೇರಿ ಅವನ ಕಿವಿಯನ್ನು ತಿಂದು ಮುಗಿಸಿದ್ದವು. ಅದು ಗೊತ್ತಿದ್ದದ್ದು ಹೆಂಡತಿ ಮರಿತಾಯಮ್ಮನಿಗೆ ಒಬ್ಬಳಿಗೇ, ಎಂದು ಅವನು ತಿಳಿದಿದ್ದ. ಯಾರಾದರೂ ಮಾತಾಡಿಸಿದರೆ ಅವಳು ಬಂದು ಅವನ ಎಡಭುಜದ ಹಿಂದೆ ನಿಲ್ಲುತ್ತಿದ್ದಳು. ಅವರ ಮಾತಿನ ಕೊನೆಯ ಪದವನ್ನು ತನಗೇ ಹೇಳಿಕೊಳ್ಳುವವಳಂತೆ ಅವನ ಕಿವಿಯ ಹತ್ತಿರ ಹೇಳುತ್ತಿದ್ದಳು. ಮಿಕ್ಕಿದ್ದನ್ನು ಅವನು ತುಟಿ ನೋಡಿ ತುಂಬಿಕೊಳ್ಳುತ್ತಿದ್ದ.

ಗೇಟು ತೆಗೆದು ಸೊಸೆ ಇಂದ್ರಾಣಿ ಬಂದಳು. ಟಿ. ನರಸೀಪುರದ ಆಸ್ಪತ್ರೆಯಲ್ಲಿ ನರ್ಸು. ಮೂರು ತಿಂಗಳಿಂದ ರಾತ್ರಿ ಪಾಳಿ. ಬೆಳಿಗ್ಗೆ ಎಂಟಕ್ಕೆ ಬಿಟ್ಟರೆ ಬಸ್ಸು ಹಿಡಿದು ನಂಜನಗೂಡಿನ ಮನೆ ಸೇರುವಾಗ ಒಂಬತ್ತೂವರೆ.

“ಬಂದ್ಯಾ ಅವ್ವ? ಇನ್ನೆಲ್ಡು ದಿನ. ಸದ್ದು ಅಡಗಿಸ್ಬುಡ್ತೀನಿ,” ಅಂದ ಮಹದೇವಯ್ಯ, ಆಚೆ ಬೀದಿಯವರಿಗೆ ಹೇಳುವಷ್ಟು ಜೋರಾಗಿ.

“ಆಯ್ತು ಮಾವ,” ಅಂದು ಅವಳು ಚಪ್ಪಲಿ ಬಿಟ್ಟಳು. ಅತ್ತೆ ತಟ್ಟೆಗೆ ಹಾಕಿಟ್ಟಿದ್ದ ಉಪ್ಪಿಟ್ಟನ್ನು ನಿಂತೇ ತಿಂದಳು. ತಟ್ಟೆ ತೊಳೆದಿಟ್ಟು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಹದೇವಯ್ಯ ಕೈ ಒರೆಸಿಕೊಂಡು ಟಿವಿ ಹಾಕಿದ. ಬಾಬಾಸಾಹೇಬರ ಫೋಟೋದ ಕೆಳಗೆ ಟಿವಿ, ಅದರ ಮಗ್ಗುಲಿಗೆ ಮೀನಿನ ತೊಟ್ಟಿ. ಎರಡರ ಹಿಂದೆಯೂ ಒಂದೇ ಗೋಡೆ. ಗೋಡೆಯ ಆ ಕಡೆ ಇಂದ್ರಾಣಿಯ ಮಂಚ. ಅವನು ರಿಮೋಟಿನ ವಾಲ್ಯೂಮಿನ ಗುಂಡಿ ಒತ್ತುತ್ತ ಹೋದ. ನಲವತ್ತು, ಐವತ್ತು. ಅರವತ್ತೆರಡಕ್ಕೆ ಬಂದಾಗ ವಾರ್ತೆ ಓದುವವಳ ಬಾಯಿಗೂ ಮಾತಿಗೂ ಸಂಬಂಧ ಹತ್ತಿತು. ಸ್ಕೂಲಿಗೆ ರಜೆಯಿದ್ದ ಸಂಘಮಿತ್ರಾ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಹತ್ತನೆಯ ಕ್ಲಾಸಿನ ಲೆಕ್ಕ ಬಿಡಿಸತೊಡಗಿದಳು.

*

ತೊಟ್ಟಿಯನ್ನು ತಂದವನು ಮಗ ಸಿದ್ಧಾರ್ಥ. ಕೈಗಾರಿಕಾ ಪ್ರದೇಶದಲ್ಲಿ ಅವನ ಜೊತೆ ಕೆಲಸ ಮಾಡುತ್ತಿದ್ದವನೊಬ್ಬ ಊರು ಬಿಟ್ಟು ಹೋಗುವಾಗ ಅರ್ಧ ಬೆಲೆಗೆ ಕೊಟ್ಟಿದ್ದ. ಮೀನು ನೋಡುತ್ತ ಕೂತರೆ ಬಿಪಿ ಇಳಿಯುತ್ತದೆಂದು ಯಾವನೋ ಹೇಳಿದ್ದನ್ನು ನಂಬಿ, ಅವ್ವನ ಬಿಪಿಗೆಂದು ತಂದ. ಮರಿತಾಯಮ್ಮ ಒಂದು ದಿನ ನೋಡಿದಳು. “ಸಾರು ಮಾಡಕ್ಕೂ ಸಾಲದ ಮೀನು,” ಅಂದಳು. ಬಿಪಿ ಇದ್ದಲ್ಲೇ ಇತ್ತು.

ಇಂದ್ರಾಣಿಯ ವಾರದ ರಜೆಯಲ್ಲಿ ಎಲ್ಲರೂ ಒಟ್ಟಿಗೆ ಉಣ್ಣುವುದು ರೂಢಿ. ಮಹದೇವಯ್ಯ ಸ್ಕ್ರೂಡ್ರೈವರ್ ಹಿಡಿಯುವ ಮೊದಲಿನ ರಜೆಯ ದಿನ ಮುದ್ದೆ, ಹುರುಳಿಕಾಳಿನ ಬಸ್ಸಾರು. ಇಂದ್ರಾಣಿ ಮುದ್ದೆ ಮುರಿಯುತ್ತ, ಯಾರ ಮುಖವನ್ನೂ ನೋಡದೆ ಹೇಳಿದಳು: “ನಮ್ಮ ಆಸ್ಪತ್ರೆ ಕ್ವಾರ್ಟರ್ಸು ಖಾಲಿ ಆಗ್ತಿದೆ. ಮಂಗಳಗೌರಿ ಸಿಸ್ಟರ್ ಬಿಡ್ತಿದಾರೆ. ಈ ತಿಂಗಳ ಕೊನೇ ಶುಕ್ರವಾರದೊಳಗೆ ಅರ್ಜಿ ಕೊಡ್ಬೇಕು.”

“ಯಾರು ಕೊಡ್ತಾರೆ?” ಅಂದಳು ಮರಿತಾಯಮ್ಮ.

“ನಾನು, ಅತ್ತೆ.”

ಸಿದ್ಧಾರ್ಥ ಸಾರಿನ ಪಾತ್ರೆಗೆ ಸೌಟು ಹಾಕಿ ಅಲ್ಲೇ ಬಿಟ್ಟ. ಅವನಿಗೆ ಮೊದಲೇ ಗೊತ್ತಿತ್ತೆಂಬುದು ಆ ಸೌಟಿನಿಂದ ಎಲ್ಲರಿಗೂ ತಿಳಿಯಿತು.

“ಹಗಲು ನಿದ್ದೆ ಇಲ್ಲ. ಮೊನ್ನೆ ಒಬ್ರಿಗೆ ಹಾಕೋ ಇಂಜೆಕ್ಷನ್ನ ಪಕ್ಕದ ಬೆಡ್ಡಿನವರಿಗೆ ಹಾಕಕ್ಕೆ ಹೋಗಿದ್ದೆ. ಆಯಾ ಕೈ ಹಿಡ್ಕೊಂಡ್ಲು. ಇನ್ನೊಂದು ಸಲ ಆಯಾ ಇರ್ತಾಳಾ?”

“ಯಾಕೆ ನಿದ್ದೆ ಇಲ್ಲ?” ಅಂದ ಮಹದೇವಯ್ಯ. ‘ಇಂಜೆಕ್ಷನ್ನು, ನಿದ್ದೆ’ ಎಂದು ಮರಿತಾಯಮ್ಮ ಭುಜದ ಹಿಂದಿನಿಂದ ಹೇಳಿ ಮುಗಿಸಿದ್ದಳು.

ಇಂದ್ರಾಣಿ ಒಂದು ಕ್ಷಣ ಟಿವಿಯ ಕಡೆ ನೋಡಿದಳು. ಆಮೇಲೆ ತೊಟ್ಟಿಯ ಕಡೆ. “ಆ ಮೀನಿನ ಪಂಪಿನ ಸದ್ದು, ಮಾವ.”

“ಮಾರಿಬಿಡೋಣ ಹಂಗಾದ್ರೆ,” ಅಂದ ಸಿದ್ಧಾರ್ಥ.

“ಅಪ್ಪಾ!” ಅಂತ ಸಂಘಮಿತ್ರಾ ಕೂಗಿದಳು.

“ಬೇಡ, ಮಾರೋದೇನೂ ಬೇಡ. ಮಿತ್ರಾನೂ ನನ್ನ ಜೊತೆ ಬರ್ತಾಳೆ, ಅಲ್ಲೇ ಸ್ಕೂಲಿದೆ. ರಜೆಗೆ ಬಂದಾಗ ನೋಡ್ಕೊತಾಳೆ,” ಅಂದಳು ಇಂದ್ರಾಣಿ.

“ಚೆಂದಾಗದೆ,” ಅಂದಳು ಮರಿತಾಯಮ್ಮ. “ಮೀನು ಮನೇಲಿರ್ಲಿ, ಮಕ್ಕಳು ಓಗ್ಲಿ. ನಮ್ಮವ್ವ ಕವಲಂದೇಲಿ ರೈಲ್ ಪಟ್ಟಿ ಪಕ್ಕ ಒಂಬತ್ತು ಮಕ್ಕಳ ಎತ್ತು ಮಲಗುಸ್ತಿದ್ಲು. ಒಂದು ಮೀನಿನ ಸದ್ದಿಗೆ ಮನೆ ಬುಡ್ತಾರಂತೆ.”

“ನಿಮ್ಮವ್ವ ಇಂಜೆಕ್ಷನ್ ಕೊಡ್ತಿದ್ರಾ ಅಜ್ಜಿ?” ಅಂದಳು ಸಂಘಮಿತ್ರಾ.

“ನೀ ಬಾಯ್ ಮುಚ್ಕೊಂಡು ಉಣ್ಣು.”

ಮಹದೇವಯ್ಯನಿಗೆ ಅರ್ಧ ಕೇಳಿಸಿತ್ತು, ಆದರೆ ಬೇಕಾದ ಅರ್ಧವೇ ಕೇಳಿಸಿತ್ತು. ಕೈ ತೊಳೆಯದೆ ಎದ್ದು ತೊಟ್ಟಿಯ ಮುಂದೆ ನಿಂತ. “ಕಿವಿ ಮಾದೇವಯ್ಯನ ಮನೇಲಿ ಪಂಪಿನ ಸದ್ದು ತಡೀನಾರ್ದೆ ಸೊಸೆ ಮನೆ ಬಿಟ್ಲು ಅಂತ ಊರ್ನಲ್ಲಿ ಅನ್ನಿಸ್ಕಬೇಕಾ ನಾನು? ಶುಕ್ರವಾರಗಂಟ ಅರ್ಜಿ ಕೊಡ್ಬ್ಯಾಡ ಕಣವ್ವ. ನಂಗೆ ಬುಡು ಇದ.”

ಇಂದ್ರಾಣಿ ಏನೋ ಹೇಳಲು ಬಾಯಿ ತೆರೆದಳು. ಗಂಡನ ಮುಖ ನೋಡಿದಳು. ಸಿದ್ಧಾರ್ಥ ಸಾರಿನಲ್ಲಿ ಹುರುಳಿಕಾಳು ಹುಡುಕುತ್ತಿದ್ದ.

“ಸರಿ ಮಾವ,” ಅಂದಳು.

*

ಮೊದಲನೆಯ ವಾರ ಅವನು ನೀರಿನಿಂದ ಶುರು ಮಾಡಿದ. ತೊಟ್ಟಿಯ ನೀರು ಆರಿ ನಾಲ್ಕು ಬೆರಳು ಇಳಿದಿತ್ತು. ಪಂಪು ನೀರಿನ ಜೊತೆ ಗಾಳಿಯನ್ನೂ ಎಳೆಯುತ್ತಿತ್ತು. ಗಡಗಡ ಎನ್ನುತ್ತಿದ್ದದ್ದು ಅದು. ದೊಡ್ಡ ಪಂಪಾದರೂ ಅಷ್ಟೆ, ಚಿಕ್ಕದಾದರೂ ಅಷ್ಟೆ, ಗಾಳಿ ಕುಡಿದರೆ ಕುಡುಕನ ಹಾಗೆ ಆಡುತ್ತದೆ ಎಂದು ಮೊಮ್ಮಗಳಿಗೆ ಪಾಠ ಹೇಳಿದ. ನಲ್ಲಿಯಲ್ಲಿ ನೀರು ಬಂದ ದಿನ ಎರಡು ಬಕೆಟ್ ಹಿಡಿದು ನೇರವಾಗಿ ತೊಟ್ಟಿಗೆ ಹುಯ್ದ.

ಸಂಜೆ ಸ್ಕೂಲಿನಿಂದ ಬಂದ ಸಂಘಮಿತ್ರಾ ಕಿರುಚಿದಳು. ಮೂರು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

“ನಲ್ಲಿ ನೀರು ಹಾಕಿದ್ಯಾ ತಾತ? ಅದರಲ್ಲಿ ಕ್ಲೋರಿನ್ ಇರುತ್ತೆ!”

“ಇರ್ತದೆ. ಮೂವತ್ತೊಂದು ವರ್ಷ ನಾನೇ ಹಾಕಿವ್ನಿ. ಅದು ಔಷಧಿ.”

“ಮೀನಿಗೆ ವಿಷ!”

“ಇಡೀ ನಂಜನಗೂಡು ಕುಡೀತದೆ ಆ ನೀರ. ಒಬ್ಬನಾದ್ರೂ ಮ್ಯಾಕೆ ತೇಲಿದ್ನಾ?”

ಬಸ್ ಸ್ಟ್ಯಾಂಡಿನ ಹತ್ತಿರ ಮೀನಿನ ಅಂಗಡಿ ಇಟ್ಟಿದ್ದ ಮಧುಕುಮಾರ್ ಕೂಡ ಮೊಮ್ಮಗಳ ಪಕ್ಷ ಹಿಡಿದ. “ನೀರ ಎರಡು ದಿನ ಬಕೆಟ್ಟಲ್ಲಿ ಹಂಗೇ ಬಿಟ್ಟು ಹಾಕ್ಬೇಕು ಸಾ. ಇಲ್ಲಾಂದ್ರೆ ಈ ಡ್ರಾಪ್ಸು.” ಸಣ್ಣ ನೀಲಿ ಶೀಸೆ. ಔಷಧಿಯನ್ನು ತೆಗೆಯುವ ಔಷಧಿಗೆ ದುಡ್ಡು ಕೊಟ್ಟು ಮಹದೇವಯ್ಯ ಮನೆಗೆ ಬಂದ. ಸತ್ತ ಮೀನುಗಳನ್ನು ಮರಿತಾಯಮ್ಮ ಕರಿಬೇವಿನ ಗಿಡದ ಬುಡಕ್ಕೆ ಹಾಕಿದಳು.

ಗಡಗಡ ನಿಂತಿತ್ತು. ಕಿರ್ರ್ ಉಳಿದಿತ್ತು.

ಎರಡನೆಯ ವಾರ ಪಂಪನ್ನು ಬಿಚ್ಚಿದ. ಒಳಗೆ ನೀರನ್ನು ತಳ್ಳುವ ಚಕ್ರ, ಹುಣಿಸೆಬೀಜದಷ್ಟು. ಎಪ್ಪತ್ತೈದು ಎಚ್‌ಪಿಯ ಚಕ್ರಗಳನ್ನು ಕ್ರೇನಿನಲ್ಲಿ ಎತ್ತಿಸಿದ್ದ ಕೈ, ಇದನ್ನು ಎರಡು ಬೆರಳಲ್ಲಿ ಹಿಡಿಯಲು ಪರದಾಡಿತು. ಚಕ್ರಕ್ಕೆ ಲೋಳೆ ಸುತ್ತಿಕೊಂಡಿತ್ತು, ಅದರೊಳಗೆ ಒಂದು ಮರಳಿನ ಕಣ. ಹಳೆಯ ಟೂತ್‌ಬ್ರಷ್ಷಿನಿಂದ ಉಜ್ಜಿದ. ಚಕ್ರ ತಿರುಗುವ ಕಡ್ಡಿ ಒಂದು ಕಡೆ ಸವೆದಿತ್ತು. ಹೊಸ ಕಡ್ಡಿ ತರಲು ಮತ್ತೆ ಮಧುಕುಮಾರನ ಅಂಗಡಿಗೆ ಹೋಗಿ ಬಂದ. ಹಾಕಿ, ಸ್ಕ್ರೂಡ್ರೈವರ್ ಹಲ್ಲಿನಲ್ಲಿ ಕಚ್ಚಿ ನೋಡಿದ. ಜುಮುಗುಟ್ಟುವುದು ಅರ್ಧಕ್ಕೆ ಇಳಿದಿತ್ತು.

ಆ ಮಧ್ಯಾಹ್ನವೇ ನಟರಾಜ್ ಬಂದ. ಹಿಂದೆ ಪಂಪ್‌ಹೌಸಿನಲ್ಲಿ ಅವನ ಕೈಕೆಳಗೆ ಹೆಲ್ಪರಾಗಿದ್ದವನು, ಈಗ ಬಡಾವಣೆಗಳಿಗೆ ಮೋಟಾರು ಕೂರಿಸುವ ಕಂಟ್ರಾಕ್ಟರು. ಬೈಕಿನಿಂದ ಇಳಿಯದೆ, ಇಂಜಿನ್ನೂ ಆರಿಸದೆ ಮಾತಾಡಿದ.

“ಮಾದೇವಣ್ಣ, ಹೊಸ ಲೇಔಟಲ್ಲಿ ಹತ್ತು ಎಚ್‌ಪಿ ಕೂರುಸ್ತಿದೀನಿ. ಓನರ್ರು ನನ್ ಮಾತ ನಂಬಲ್ಲ. ನೀವು ಬಂದು ಒಂದ್ಸಲ ಕಿವಿ ಕೊಡ್ಬೇಕು.”

“ಕಿವಿ ಕೊಡ್ಬೇಕಂತೆ,” ಅಂದಳು ಮರಿತಾಯಮ್ಮ ಎಡಭುಜದ ಹಿಂದೆ.

“ಕೊಟ್ರಾಯ್ತು. ಯಾವತ್ತು?”

“ಮುಂದಿನ ವಾರ ಬಂದು ಯೋಳ್ತೀನಿ. ಹಂಗೇ ಅಲ್ಲಿ ಪಂಪು ನೋಡ್ಕಳಕ್ಕೂ ಜನ ಬೇಕು. ನಿಮ್ಮನ್ನೇ ಅಂದ್ಕೊಂಡಿವ್ನಿ.”

“ಪಂಪು ನೋಡ್ಕಳಕ್ಕೆ. ನಿನ್ನನ್ನೇ,” ಅಂದಳು ಮರಿತಾಯಮ್ಮ.

ಮಹದೇವಯ್ಯನ ಎದೆ ಮುಂದೆ ಬಂತು. ನಟರಾಜ್ ಹೋದ ಮೇಲೆ ಟಿವಿಯ ಮುಂದೆ ಕೂತು, ಅರವತ್ತೆರಡು ಸಾಲದೆ ಅರವತ್ತೈದಕ್ಕೆ ಏರಿಸಿದ. ಗೋಡೆಯ ಆ ಕಡೆ ಮಂಚ ಕಿರುಗುಟ್ಟಿತು. ಸ್ವಲ್ಪ ಹೊತ್ತಿಗೆ ಇಂದ್ರಾಣಿ ಎದ್ದು ಬಂದಳು, ಕಣ್ಣು ಕೆಂಪಾಗಿತ್ತು. ಅಡುಗೆಮನೆಗೆ ಹೋಗಿ ನೀರು ಕುಡಿದಳು. ಮರಿತಾಯಮ್ಮ ಸೊಸೆಯನ್ನು ನೋಡಿದಳು, ಹಾಲ್‌ನಲ್ಲಿ ಕೂತ ಗಂಡನನ್ನು ನೋಡಿದಳು, ಸೊಪ್ಪು ಬಿಡಿಸುವುದನ್ನು ಮುಂದುವರಿಸಿದಳು.

“ಇನ್ನೂ ಸದ್ದು ಅದಾ ಅವ್ವ?” ಅಂತ ಹಾಲ್‌ನಿಂದ ಕೂಗಿದ ಮಹದೇವಯ್ಯ.

“ಸ್ವಲ್ಪ, ಮಾವ,” ಅಂದಳು ಇಂದ್ರಾಣಿ.

ಮೂರನೆಯ ವಾರ ಅವನು ಪಂಪನ್ನು ಬಿಟ್ಟು ಸುತ್ತಮುತ್ತ ನೋಡಿದ. ಸದ್ದು ಹುಟ್ಟುವ ಜಾಗ ಒಂದು, ಮೆರೆಯುವ ಜಾಗ ಇನ್ನೊಂದು ಎಂಬುದು ಪಂಪ್‌ಹೌಸಿನ ಪಾಠ. ತೊಟ್ಟಿಯ ಕಬ್ಬಿಣದ ಸ್ಟ್ಯಾಂಡು ಗೋಡೆಗೆ ತಾಗಿತ್ತು. ಸಿದ್ಧಾರ್ಥನ ಕೈಲಿ ನೀರು ಖಾಲಿ ಮಾಡಿಸಿ ಒಂದು ಗೇಣು ಮುಂದಕ್ಕೆ ಸರಿಸಿದ. ಸಿದ್ಧಾರ್ಥ ಭಾನುವಾರವೆಲ್ಲ ಬಕೆಟ್ ಹೊತ್ತು, “ಮಾರಿದ್ರೆ ಮುಗೀತಿತ್ತು,” ಎಂದು ನಾಲ್ಕು ಸಲ ಹೇಳಿದ. ಮಹದೇವಯ್ಯ ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ಸ್ಟ್ಯಾಂಡಿನ ನಾಲ್ಕು ಕಾಲಿಗೂ ಪಂಪಿನ ಅಡಿಗೂ ಮೆತ್ತೆ ಕೊಟ್ಟ. ನೀರು ಮೇಲೇರುವ ಕೊಳವೆ ಗಾಜಿಗೆ ಬಡಿಯುತ್ತಿತ್ತು, ಅದಕ್ಕೆ ಮರಿತಾಯಮ್ಮನ ಹಳೆಯ ಸೀರೆಯ ಅಂಚು ಸುತ್ತಿದ. ನೀರು ಎತ್ತರದಿಂದ ಬೀಳದಂತೆ ಕೊಳವೆಯ ಬಾಯನ್ನು ನೀರೊಳಗೆ ಬಗ್ಗಿಸಿದ.

ಪಂಪು ಹಾಕಿ ಸ್ಕ್ರೂಡ್ರೈವರ್ ಕಚ್ಚಿದ. ಹಲ್ಲಿಗೆ ಏನೂ ತಾಗಲಿಲ್ಲ. ಕರೆಂಟು ಹೋಯಿತೆಂದುಕೊಂಡು ಕಣ್ಣು ಬಿಟ್ಟರೆ ತೊಟ್ಟಿಯ ಜೊಂಡು ಬಳುಕುತ್ತಿತ್ತು, ನೀರು ತಿರುಗುತ್ತಿತ್ತು.

ಸಂಘಮಿತ್ರಾ ಗಾಜಿಗೆ ಕಿವಿ ಹಚ್ಚಿದಳು. ಗೋಡೆಗೆ ಹಚ್ಚಿದಳು. ಅಮ್ಮನ ಕೋಣೆಗೆ ಹೋಗಿ ಮಂಚದ ಮೇಲೆ ಮಲಗಿ ನೋಡಿ ಬಂದಳು.

“ಸೊನ್ನೆ ತಾತ! ಏನೂ ಇಲ್ಲ!”

“ನಂಗೊತ್ತಿತ್ತು,” ಅಂದ ಮಹದೇವಯ್ಯ.

ಮಾರನೆಯ ದಿನ ಸೋಮವಾರ. ಮಧ್ಯಾಹ್ನ ಊಟಕ್ಕೆ ಎದ್ದ ಇಂದ್ರಾಣಿ ಕಣ್ಣುಜ್ಜಿಕೊಳ್ಳುತ್ತ ಮೇಜಿನ ಮೇಲೆ ಕ್ವಾರ್ಟರ್ಸಿನ ಅರ್ಜಿ ಹರಡಿಕೊಂಡು ತುಂಬಿದಳು.

*

ಮಂಗಳವಾರ ಮಹದೇವಯ್ಯ ಯಾರಿಗೂ ಹೇಳದೆ ಸುತ್ತೂರಿನ ಮೇಲೆ ಹೋಗುವ ಬಸ್ಸು ಹತ್ತಿ ಟಿ. ನರಸೀಪುರಕ್ಕೆ ಹೋದ. ಸೊಸೆ ಮನೆಯಲ್ಲಿ ಮಲಗಿದ್ದಳು. ಆಸ್ಪತ್ರೆಯ ಹಿಂದೆ ಹಳದಿ ಬಣ್ಣ ಬಳಿದ ಕ್ವಾರ್ಟರ್ಸುಗಳ ಸಾಲು. ವಾಚ್‌ಮನ್ ಬಸವಯ್ಯ, ಮಂಗಳಗೌರಿ ಸಿಸ್ಟರ್ ಮೊನ್ನೆ ಖಾಲಿ ಮಾಡಿದ್ದ ನಾಲ್ಕನೆಯ ನಂಬರಿನ ಬೀಗ ತೆಗೆದು ತೋರಿಸಿದ. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಬಟ್ಟೆ ಒಗೆಯುವ ಕಲ್ಲು. ಮಂಚ ಹಾಕುವ ಗೋಡೆಗೆ ಮಹದೇವಯ್ಯ ಅಂಗೈ ಇಟ್ಟ. ತಕ್ಷಣ ಇನ್ನೊಂದು ಅಂಗೈಯನ್ನೂ ಇಟ್ಟ. ಆಮೇಲೆ ಹಣೆ ಹಚ್ಚಿದ.

“ಆರಾಮಿಲ್ವಾ ಸಾ?” ಅಂದ ಬಸವಯ್ಯ.

“ಗೋಡೆ ಹಿಂದೆ ಮೋಟಾರ್ ಅದೆ. ಐದು ಎಚ್‌ಪಿ.”

“ಹೌದು ಸಾ. ಆಸ್ಪತ್ರೆ ನೀರಿಂದು. ಹಗಲೆಲ್ಲ ಓಡ್ತದೆ.”

“ಬೇರಿಂಗು ಓಗಕ್ಕೆ ಬಂದದೆ. ಹದಿನೈದು ದಿನ.”

“ಗೋಡೆ ಮುಟ್ಟಿ ಯೋಳ್ಬುಟ್ರಲ್ಲ ಸಾ!” ಬಸವಯ್ಯ ಬಾಯಿ ಬಿಟ್ಟು ನಿಂತ.

ವಾಪಸು ಬರುವ ಬಸ್ಸಿನಲ್ಲಿ ಮಹದೇವಯ್ಯ ಗೆದ್ದವನಂತೆ ಕೂತಿದ್ದ. ಮನೆಗೆ ಬಂದಾಗ ಆರು ಗಂಟೆ. ಇಂದ್ರಾಣಿ ಡ್ಯೂಟಿಗೆ ಹೊರಡಲು ಜಡೆ ಹಾಕಿಕೊಳ್ಳುತ್ತಿದ್ದಳು.

“ಆ ಮನೆ ನೋಡ್ಕಂಡ್ ಬಂದೆ ಕಣವ್ವ,” ಅಂದ. “ಮೀನಿನ ಪಂಪಿನ ಸದ್ದು ತಡೀನಾರೆ ಅಂತೀಯಲ್ಲ, ಅಲ್ಲಿ ಗೋಡೆ ಹಿಂದ್ಕೇ ಐದು ಎಚ್‌ಪಿ ಮೋಟಾರ್ ಓಡ್ತದೆ!”

ಇಂದ್ರಾಣಿ ಜಡೆಯ ತುದಿಗೆ ರಬ್ಬರ್ ಬ್ಯಾಂಡು ಸುತ್ತಿದಳು. “ಗೊತ್ತು ಮಾವ. ಹೋದ ವಾರ ಬಸ್ ತಪ್ಪಿ ಅಲ್ಲೇ ಮಂಗಳಗೌರಿ ಸಿಸ್ಟರ್ ಮಂಚದ ಮೇಲೆ ಮಲಗಿದ್ದೆ. ಆರು ಗಂಟೆ ಎಚ್ಚರ ಇಲ್ದೆ ನಿದ್ದೆ ಬಂತು.”

ಅವಳ ತುಟಿಯಲ್ಲಿ ‘ಆರು’ ಮತ್ತು ‘ನಿದ್ದೆ’ ಅವನಿಗೆ ಸಿಕ್ಕಿತು. ಮರಿತಾಯಮ್ಮನ ಕಡೆ ತಿರುಗಿದ. ಅವಳು ಕೊನೆಯ ಪದ ಹೇಳಿಕೊಡದೆ, ಮೊರ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಇಂದ್ರಾಣಿ ಬ್ಯಾಗು ತೆಗೆದುಕೊಂಡು ಹೊರಟುಹೋದಳು.

ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತ. “ಎಂಥಾ ಎಂಗ್ಸು ಇವ್ಳು? ಐದು ಎಚ್‌ಪಿ ಪಕ್ಕ ನಿದ್ದೆ ಬತ್ತದೆ, ಸತ್ತೋದಂಗಿರೋ ಮೀನಿನ ಪಂಪಿನ ಪಕ್ಕ ಬರಲ್ಲ?”

ಮರಿತಾಯಮ್ಮ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. “ಆ ಮೋಟಾರು ಒಂದೇ ಸಮ ಓಡ್ತದೆ ಕಣಯ್ಯ. ನೀನು ಒಂದೇ ಸಮ ಓಡ್ತೀಯಾ?”

“ಏನಂದೆ?”

ಅವಳು ಮೊರ ಕೆಳಗಿಟ್ಟು, ಎದ್ದು ಅವನ ಎದುರಿಗೇ ಬಂದು ನಿಂತಳು. ಎಡಭುಜದ ಹಿಂದಲ್ಲ, ಮುಖದ ಮುಂದೆ.

“ಸದ್ದು ಮೀನಿಂದಲ್ಲ. ಟಿವೀದು. ನಿಂದು.”

ಅವನು ಅವಳ ತುಟಿಯನ್ನು ನೋಡುತ್ತಲೇ ಇದ್ದ.

“ಯಾರ್ ಯೋಳಿದ್ದು?”

“ಯಾರೂ ಯೋಳ್ನಿಲ್ಲ. ಸೊಸೆಯಾದೋಳು ಮಾವನ್ಗೆ ‘ಟಿವಿ ಸಣ್ಣಕೆ ಮಾಡಿ, ಮೆಲ್ಲಗೆ ಮಾತಾಡಿ’ ಅಂದಾಳಾ? ಅದ್ಕೇ ಮೀನಿನ ಮ್ಯಾಲೆ ಹಾಕಿದ್ಲು. ಮೀನಿಗೇನು, ಬ್ಯಾಸರ ಆಗಲ್ಲ.”

“ನಿಂಗೊತ್ತಿತ್ತಾ?”

“ಮನೇಲಿರೋರ್ಗೆಲ್ಲ ಗೊತ್ತು. ಮಿತ್ರಾ ಕಿವೀಗೆ ಸಿಗಿಸ್ಕಂಡು ಓದದು ಹಾಡು ಕೇಳಕ್ಕೆ ಅಂದ್ಕಂಡಿದ್ಯಾ?”

“ನೀನಾದ್ರೂ ಯೋಳ್ಬೋದಿತ್ತಲ್ಲ.”

“ಯೋಳಿದ್ದೆ. ಎಲ್ಡು ಸಲ. ನಿಂಗೆ ಕೇಳ್ನಿಲ್ಲ.”

ಅವಳು ವಾಪಸು ಹೋಗಿ ಮೊರದ ಮುಂದೆ ಕೂತಳು. ಮಹದೇವಯ್ಯ ಹಾಲ್‌ಗೆ ಬಂದ. ತೊಟ್ಟಿಯಲ್ಲಿ ಉಳಿದಿದ್ದ ಐದು ಮೀನು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ಅವುಗಳ ಮಾತಿಗೆ ಕೊನೆಯ ಪದ ಹೇಳಿಕೊಡುವವರು ಯಾರೂ ಇರಲಿಲ್ಲ.

*

ಬುಧವಾರ ಬೆಳಿಗ್ಗೆ ಅವನು ಟಿವಿ ಹಾಕಲಿಲ್ಲ. ಕಪ್ಪು ಪರದೆಯ ಮುಂದೆ ಕುರ್ಚಿಯಲ್ಲಿ ಕೂತ. ಪೇಪರನ್ನು ಎರಡು ಸಲ ಓದಿದ. ಗ್ಲಾಸು ಮೇಜಿನ ಮೇಲೆ ಇಡುವಾಗಲೂ ಎರಡು ಕೈಯಲ್ಲಿ ಇಟ್ಟ. ಮರಿತಾಯಮ್ಮ ಒಗ್ಗರಣೆ ಹಾಕುವಾಗ ಹೋಗಿ, “ಮೆಲ್ಲಗೆ” ಅಂದ. “ಸಾಸಿವೆಗೆ ನೀನೇ ಯೋಳು,” ಅಂದಳು ಅವಳು.

ಹನ್ನೆರಡು ಗಂಟೆಗೆ ಇಂದ್ರಾಣಿ ಎದ್ದು ಬಂದಳು. ಕಪ್ಪಗಿದ್ದ ಟಿವಿಯನ್ನೂ ಅದರ ಮುಂದೆ ಕೂತಿದ್ದ ಮಾವನನ್ನೂ ನೋಡಿ ನಿಂತಳು.

“ಟಿವಿ ಕೆಟ್ಟೋಯ್ತಾ ಮಾವ?”

“ಇಲ್ಲ. ಬ್ಯಾಡ ಅನ್ನುಸ್ತು.”

ಅವಳು ಅಡುಗೆಮನೆಯ ಕಡೆ ನೋಡಿದಳು. ಅತ್ತೆ ಬೆನ್ನು ತಿರುಗಿಸಿಕೊಂಡಿದ್ದಳು. ಇಂದ್ರಾಣಿಗೆ ಅರ್ಥವಾಯಿತು. ಕುರ್ಚಿ ಎಳೆದುಕೊಂಡು ಅವನ ಎದುರು ಕೂತಳು, ಮುಖ ಕಾಣುವ ಹಾಗೆ. ಬಾಯಿ ದೊಡ್ಡದಾಗಿ ತೆರೆದು, ನಿಧಾನವಾಗಿ ಮಾತಾಡಿದಳು. ವಾರ್ಡಿನಲ್ಲಿ ಹಾಗೆ ಮಾತಾಡಿ ಅಭ್ಯಾಸವಿತ್ತು.

“ಇದಕ್ಕೇ ನಾನು ಹೋಗ್ತೀನಿ ಅಂದಿದ್ದು ಮಾವ. ನನ್ನಿಂದ ನೀವು ಹಿಂಗೆ ಕೂತ್ಕೋಬೇಕು, ನಾನು ಒಳಗೆ ಮಲಗ್ಬೇಕು. ಆ ನಿದ್ದೆ ನಂಗೆ ಬೇಡ.”

“ಅರ್ಜಿ ಕೊಟ್ಯಾ?”

“ಶುಕ್ರವಾರ ಕೊಡ್ತೀನಿ.” ಅವಳು ಕೋಣೆಗೆ ಹೋಗಿ ಒಂದು ಚೀಟಿ ತಂದಳು. “ನಾಳೆ ಗುರುವಾರ ನಮ್ಮಲ್ಲಿ ಕಿವಿ ಡಾಕ್ಟ್ರು ಬರ್ತಾರೆ. ನಿಮ್ಮ ಹೆಸರಲ್ಲಿ ಚೀಟಿ ಮಾಡ್ಸಿ ಹದಿನೈದ್ ದಿನ ಆಯ್ತು. ಕೊಡಕ್ಕೆ ಧೈರ್ಯ ಬರ್ಲಿಲ್ಲ.”

“ನನ್ ಕಿವೀಗೇನಾಗದೆ?”

“ಮೂವತ್ತೊಂದು ವರ್ಷ ಆ ಮೋಟಾರ್ ಪಕ್ಕ ಕೂತಿದ್ರಿ. ಏನಾಗ್ಬೇಕೋ ಅದೇ ಆಗಿದೆ. ಮಷಿನ್ ಹಾಕ್ತಾರೆ. ಇಪ್ಪತ್ತಕ್ಕೆ ಟಿವಿ ಕೇಳ್ಸುತ್ತೆ.”

“ಕಿವಿ ಮಾದೇವಯ್ಯ ಕಿವೀಗೆ ಮಷಿನ್ ಹಾಕ್ಕಂಡು ಬೀದೀಲಿ ಓಡಾಡ್ಬೇಕಾ?”

“ಮಾವ, ನಾಳೆ ಹತ್ತು ಗಂಟೆಗೆ ನೀವು ಅಲ್ಲಿಗೆ ಬಂದ್ರೆ ಅರ್ಜಿ ಹರೀತೀನಿ. ಬರ್ದಿದ್ರೆ ಕೊಡ್ತೀನಿ. ಅಷ್ಟೆ.”

ಅವಳು ಫ್ರಿಜ್ಜಿನ ಬಾಗಿಲಿಗೆ ಚೀಟಿ ಅಂಟಿಸಿದಳು. ಅದರ ಪಕ್ಕದಲ್ಲೇ ಕ್ವಾರ್ಟರ್ಸಿನ ಅರ್ಜಿ ತೂಗುತ್ತಿತ್ತು. ಫ್ರಿಜ್ಜು ತೆಗೆದು ಮೊಸರು ತೆಗೆದುಕೊಂಡು, ಅನ್ನ ಕಲಸಿ ತಿಂದು, ಮತ್ತೆ ಹೋಗಿ ಮಲಗಿದಳು. ಮಹದೇವಯ್ಯ ಮೂರು ಸಲ ನೀರು ಕುಡಿಯಲು ಫ್ರಿಜ್ಜಿನ ಹತ್ತಿರ ಹೋದ. ಮೂರು ಸಲವೂ ಬಾಗಿಲು ತೆಗೆಯದೆ ವಾಪಸು ಬಂದ.

ಆರು ಗಂಟೆಗೆ ನಟರಾಜ್ ಬಂದ. ಎಂದಿನಂತೆ ಗೇಟಿನಲ್ಲಿ ಬೈಕು ನಿಲ್ಲಿಸಿ, ಇಂಜಿನ್ ಆರಿಸದೆ ಕೂಗಿದ. ಮರಿತಾಯಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಗಂಡನ ಎಡಭುಜದ ಹಿಂದೆ ನಿಂತಳು. ಒಳಗೆ ಇಂದ್ರಾಣಿ ಡ್ಯೂಟಿಗೆ ಹೊರಡಲು ಸಿದ್ಧಳಾಗುತ್ತಿದ್ದಳು. ಸಂಘಮಿತ್ರಾ ಮೀನಿಗೆ ಕಾಳು ಹಾಕುತ್ತಿದ್ದಳು.

“ನಾಳೆ ಬೆಳಿಗ್ಗೆ ಹತ್ತಕ್ಕೆ ಮೋಟಾರ್ ಸ್ಟಾರ್ಟ್ ಮಾಡ್ತೀವಿ ಮಾದೇವಣ್ಣ. ನಾನೇ ಬಂದು ಕರ್ಕಂಡೋಯ್ತೀನಿ.”

“ನಾಳೆ,” ಅಂದಳು ಮರಿತಾಯಮ್ಮ. “ಹತ್ತು...”

“ಸುಮ್ಕಿರು,” ಅಂದ ಮಹದೇವಯ್ಯ. ಗೇಟಿನತನಕ ನಡೆದುಹೋಗಿ, ಬೈಕಿನ ಕೀಲಿಯನ್ನು ತಾನೇ ತಿರುಗಿಸಿ ಇಂಜಿನ್ ಆರಿಸಿದ. “ಈಗ ಯೋಳು.”

ನಟರಾಜ್ ಮತ್ತೆ ಹೇಳಿದ. ಮಹದೇವಯ್ಯ ಅವನ ತುಟಿಗಳನ್ನು ನೋಡುತ್ತ ನಿಂತಿದ್ದ.

“ಬರಲ್ಲ.”

“ಯಾಕಣ್ಣ? ಸಾವಿರ ಕೊಡುಸ್ತೀನಿ. ಒಂದು ಗಂಟೆ ಕೆಲ್ಸ.”

“ಬರಲ್ಲ. ನಾಳೆ ನರಸೀಪುರದ ಆಸ್ಪತ್ರೆಗೆ ಓಗ್ಬೇಕು.”

“ಯಾರಿಗೇನಾಯ್ತು?”

“ನಂಗೆ ಕಿವಿ ಕೇಳಲ್ಲ ಕಣೋ ನಟರಾಜ.”

ನಟರಾಜ್ ನಕ್ಕ. ಬಾಡಿಗೆಗೆ ಮನೆ ಕೇಳುವವನೂ, ಹಸು ಕೊಳ್ಳುವವನೂ ಚೌಕಾಸಿಗೆ ಮೊದಲು ಹೀಗೇ ಏನಾದರೊಂದು ಹೇಳುತ್ತಾನೆಂದು ಅವನಿಗೆ ಗೊತ್ತಿತ್ತು.

“ತಮಾಸೆ ಬ್ಯಾಡಿ ಅಣ್ಣ. ನಾನು ಈಗಂದಿದ್ದೆಲ್ಲ ಕೇಳುಸ್ತಲ್ಲ?”

“ನಿನ್ ಬಾಯ ನೋಡ್ದೆ.”

“ಆಯ್ತು, ಬುಡಿ. ಸಾವಿರದೈನೂರು. ಪಂಪ್ ನೋಡ್ಕಳ ಕೆಲ್ಸಾನೂ ನಿಮಗೇ ಗ್ಯಾರಂಟಿ, ತಿಂಗಳಿಗೆ ಹನ್ನೆರಡು ಸಾವಿರ. ಇನ್ನೇನ್ ಬೇಕು ಯೋಳಿ.”

ಮಹದೇವಯ್ಯ ಬೈಕಿನ ಕೀಲಿಯನ್ನು ಅವನ ಅಂಗೈಗೆ ಹಾಕಿ ಬೆರಳು ಮಡಚಿದ. ಹಾಲ್‌ನಲ್ಲಿ ಸಂಘಮಿತ್ರಾಳ ಕೈ ತೊಟ್ಟಿಯ ಮೇಲೆಯೇ ನಿಂತಿತ್ತು. ಇಂದ್ರಾಣಿ ಅರ್ಧ ಹೆಣೆದ ಜಡೆ ಹಿಡಿದುಕೊಂಡು ಬಾಗಿಲಿಗೆ ಬಂದಿದ್ದಳು. ಬೀದಿಯ ಕೊನೆಯ ಮನೆಗೂ ಮುಟ್ಟುವ ದನಿಯಲ್ಲಿ ಅವನು ಅಂದ:

“ಬ್ಯಾಡ.”